ಎಕ್ಸ್-ರೇ ಇಲ್ಲದೆ ನ್ಯುಮೋನಿಯಾ ಅಂತ ಹೇಗೆ ಹೇಳುತ್ತಾರೆ?

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ಕೆಮ್ಮು, ಜ್ವರ ಇತ್ತು. ಡಾಕ್ಟರು ಉಸಿರು ಎಣಿಸಿ, ಎದೆ ಪರೀಕ್ಷೆ ಮಾಡಿ, ನ್ಯುಮೋನಿಯಾ ಅಂತ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಎಕ್ಸ್-ರೇ ಬೇಡ ಅಂದರು. ನಂಬಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ನಂಬಬಹುದು. ನನ್ನ ಮಗಳಿಗೆ ಆದಾಗಲೂ ಹೀಗೇ ನೋಡಿದರು. ನಮ್ಮ ಡಾಕ್ಟರು ಸ್ಟೆತೊಸ್ಕೋಪ್ ಮುಟ್ಟುವ ಮೊದಲು ಅವಳ ಅಂಗಿ ಮೇಲೆತ್ತಿ, ನನ್ನ ತೊಡೆ ಮೇಲೇ ಕೂರಿಸಿಕೊಂಡಿರಲು ಹೇಳಿ, ಪೂರ್ತಿ ಒಂದು ನಿಮಿಷ ಗಡಿಯಾರ ನೋಡುತ್ತಾ ಉಸಿರು ಎಣಿಸಿದರು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಜಾಸ್ತಿ ಇದ್ದರೆ ವೇಗದ ಉಸಿರು. ಇದು ವಿಶ್ವ ಆರೋಗ್ಯ ಸಂಸ್ಥೆಯದೇ ಲೆಕ್ಕ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಜ್ವರ ಏರಿದ್ದಾಗಲೂ ಉಸಿರು ಜೋರಾಗುತ್ತದೆ, ಅದಕ್ಕೇ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ ನೋಡಿ. ಆಮೇಲೆ ಅವರು ನನಗೆ ತೋರಿಸಿದ್ದು ಪಕ್ಕೆ. ಉಸಿರು ಒಳಗೆ ಎಳೆದಾಗ ಎದೆ ಉಬ್ಬಬೇಕು ಅಲ್ವಾ? ಅವಳಿಗೆ ಪಕ್ಕೆಲುಬಿನ ಕೆಳಭಾಗ ಪ್ರತಿ ಸಲವೂ ಗುಳಿ ಬಿದ್ದ ಹಾಗೆ ಒಳಗೆ ಹೋಗುತ್ತಿತ್ತು. ಒಮ್ಮೆ ನೋಡಿದರೆ ಮರೆಯೋದಿಲ್ಲ. ಇದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನೊಬ್ಬರು: ಎಕ್ಸ್-ರೇ ಬಗ್ಗೆ ನಾನು ಹೇಳುತ್ತೇನೆ. ನನ್ನ ಮಗನಿಗೆ ತೆಗೆಸಿದ್ದರು, ಯಾಕಂದರೆ ಅವನನ್ನು ಅಡ್ಮಿಟ್ ಮಾಡಬೇಕಾಯಿತು. ಮನೆಯಲ್ಲೇ ಔಷಧಿ ಕೊಟ್ಟು ನೋಡಿಕೊಳ್ಳುವಂಥ ಮಗುವಿಗೆ ಸಾಮಾನ್ಯವಾಗಿ ಅದು ಬೇಕಾಗೋದಿಲ್ಲ. ಶುರುವಿನಲ್ಲಿ ಎಕ್ಸ್-ರೇ ಸರಿಯಾಗೇ ಕಾಣಬಹುದು, ಮತ್ತು ವೈರಸ್ಸೋ ಬ್ಯಾಕ್ಟೀರಿಯಾನೋ ಅಂತ ಅದನ್ನು ನೋಡಿ ಖಚಿತವಾಗಿ ಹೇಳಲು ಆಗೋದಿಲ್ಲ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡಿದರಾ ಎಂದು ಮಾತ್ರ ಕೇಳಿ, ಅದು ಮುಖ್ಯ. ಶೇಕಡಾ 90ಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ. ಆಕ್ಸಿಜನ್ ಅಳೆಯಲು ಮನೆಯಲ್ಲಿರುವ ದೊಡ್ಡವರ ಬೆರಳಿನ ಕ್ಲಿಪ್ಪು ಪುಟ್ಟ ಬೆರಳಿಗೆ ಸರಿಯಾಗಿ ಕೂರೋದಿಲ್ಲ, ಅದರ ನಂಬರ್ ನಂಬಬೇಡಿ.

ಮತ್ತೊಬ್ಬರು: ಸ್ವಲ್ಪ ದೊಡ್ಡ ಮಕ್ಕಳಿರುವವರಿಗೂ ಒಂದು ಮಾತು. ನಮ್ಮಲ್ಲಿ ಮಗು ಹೊಟ್ಟೆನೋವು ಅಂತಲೇ ಅಳುತ್ತಿತ್ತು, ಕೆಮ್ಮು ಅಷ್ಟಾಗಿ ಇರಲಿಲ್ಲ. ಕೊನೆಗೆ ನೋಡಿದರೆ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಜ್ವರದ ಜೊತೆ ಹೊಟ್ಟೆನೋವು ಇದ್ದರೆ ಉಸಿರನ್ನೂ ಗಮನಿಸಿ. ಎರಡು ತಿಂಗಳೊಳಗಿನ ಕೂಸಿನ ವಿಷಯ ಬೇರೆ, ಅದಕ್ಕೆ ಜ್ವರವಾಗಲಿ ಕೆಮ್ಮಾಗಲಿ ಇಲ್ಲದೆಯೂ ಬರಬಹುದು. ಹಾಲು ಕುಡಿಯುವುದನ್ನು ಬಿಟ್ಟರೆ, ಇಲ್ಲವೇ ನಿಮಿಷಕ್ಕೆ 60 ಅಥವಾ ಜಾಸ್ತಿ ಉಸಿರಾಡಿದರೆ ನೇರ ಆಸ್ಪತ್ರೆಗೆ ಹೋಗಿ. ನಿಮ್ಮ ಮಗನಿಗೆ ಈಗ ಆ್ಯಂಟಿಬಯಾಟಿಕ್ ಶುರುವಾಗಿದೆಯಲ್ಲ, ಎರಡು ಮೂರು ದಿನದಲ್ಲಿ ಉಸಿರು ನಿಧಾನವಾಗಬೇಕು, ಊಟ ಸೇರಬೇಕು. ಆಗದಿದ್ದರೆ ಮತ್ತೆ ತೋರಿಸಿ. ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಫಿಟ್ಸ್ ಬಂದರೆ, ತುಟಿ ನೀಲಿಯಾದರೆ ಅಷ್ಟು ದಿನವೂ ಕಾಯಬೇಡಿ, ತಕ್ಷಣ ಹೊರಡಿ.