ಅಪ್ಪನ ನಾಲಿಗೆ ಊದಿಕೊಂಡಿತ್ತು, ಮಿರ್ಚಿ ತಿಂದಿದ್ದಕ್ಕಾ?

ಸಿಂಧನೂರು ಹುಡುಗ:
ಮೊನ್ನೆ ಮುಂಜಾನೆ ಎದ್ದಾಗ ಅಪ್ಪನ ಮಾತು ತೊದಲುತ್ತಿತ್ತು. ಲಕ್ವಾ ಹೊಡೆಯಿತೇನೋ ಅಂತ ಹೆದರಿಬಿಟ್ಟೆ. ಬಾಯಿ ತೆರೆಸಿ ನೋಡಿದರೆ ನಾಲಿಗೆಯ ಎಡಭಾಗ ದಪ್ಪಗೆ ಊದಿ, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿತ್ತು. ತುರಿಕೆ ಇಲ್ಲ, ದದ್ದು ಇಲ್ಲ. ಹಿಂದಿನ ರಾತ್ರಿ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಒಗ್ಗರಣೆ ಜೊತೆ ನಾಲ್ಕು ಮಿರ್ಚಿ ತಿಂದು ಬಂದಿದ್ದರು, ಹಾಗಾಗಿ ಅಮ್ಮ ಖಾರ ಜಾಸ್ತಿ ಆಗಿದೆ ಅಂತ ಮಜ್ಜಿಗೆ ಕುಡಿಸಿದಳು, ಅಜ್ಜಿ ಅರಿಶಿನ ಹಚ್ಚಿದಳು. ಮೆಡಿಕಲ್‌ನವರು ಅಲರ್ಜಿಗೆ ಕೊಡೋ ಸೆಟ್ರಿಜಿನ್ ಮಾತ್ರೆ ಕೊಟ್ಟರು. ರಾತ್ರಿವರೆಗೂ ಇಳಿಯಲಿಲ್ಲ, ಮರುದಿನ ತಾನಾಗಿಯೇ ಸರಿಹೋಯಿತು. ಇದು ಎರಡನೇ ಸಲ. ಶುಗರ್ ಇಲ್ಲ, ಎರಡು ವರ್ಷದಿಂದ ಬಿಪಿ ಮಾತ್ರೆ ಮಾತ್ರ ನಡೆಯುತ್ತಿದೆ. ಮಿರ್ಚಿ ಬಿಡಿಸಬೇಕಾ?

ಗಂಗಾವತಿ ನರ್ಸಕ್ಕ:
ಮಿರ್ಚಿ ಪಾಪ, ಅದನ್ನ ಬಿಡಿ. ಮೊದಲು ಬಿಪಿ ಮಾತ್ರೆಯ ಹಾಳೆ ತಿರುಗಿಸಿ ಸಣ್ಣ ಅಕ್ಷರ ಓದಿ. ಹೆಸರಿನ ಕೊನೆಗೆ "ಪ್ರಿಲ್" ಅಂತ ಇದೆಯಾ? ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್, ಇವೆಲ್ಲ ಒಂದೇ ಮನೆತನ. ಅಪ್ಪನಿಗೆ ಒಣ ಕೆಮ್ಮು ಇದೆಯಾ ಅಂತಲೂ ಹೇಳಿ, ಅದೂ ಈ ಮಾತ್ರೆಗಳಿಂದ ಬರಬಹುದು.

ಈ ಮಾತ್ರೆಗಳಿಂದ ಬ್ರಾಡಿಕೈನಿನ್ ಅನ್ನೋ ವಸ್ತು ಮೈಯಲ್ಲಿ ಕರಗದೆ ಉಳಿಯುತ್ತದೆ, ಆಗ ಕೆಲವರಿಗೆ ಸಣ್ಣ ರಕ್ತನಾಳಗಳಿಂದ ನೀರು ಸೋರಿ ತುಟಿ, ನಾಲಿಗೆ ಊದುತ್ತದೆ. ಎಷ್ಟೋ ಸಲ ಒಂದೇ ಕಡೆ. ತುರಿಕೆ ಇರುವುದಿಲ್ಲ. ಸೆಟ್ರಿಜಿನ್ ತಡೆಯೋದು ಅಲರ್ಜಿಯಲ್ಲಿ ತುರಿಕೆ, ಊತ ತರೋ ಹಿಸ್ಟಮಿನ್ ಅನ್ನ, ಇಲ್ಲಿ ಕೆಲಸ ಅದರದ್ದಲ್ಲ, ಅದಕ್ಕೇ ಇಳಿಯಲಿಲ್ಲ. ವರ್ಷಗಟ್ಟಲೆ ಸುಮ್ನಿದ್ದ ಮಾತ್ರೆ ಒಂದು ದಿನ ಹೀಗೆ ಮಾಡಬಹುದು, ಹಾಗಾಗಿ ಯಾರಿಗೂ ಅನುಮಾನ ಬರಲ್ಲ.

ಎರಡು ಸಲ ಇಳಿಯಿತು ಅಂತ ಮೂರನೇ ಸಲ ಇಳಿಯುತ್ತದೆ ಅಂದುಕೊಳ್ಳಬೇಡಿ. ಊತ ಗಂಟಲಿಗೆ ಹೋದರೆ ಉಸಿರೇ ಕಟ್ಟುತ್ತದೆ. ಮತ್ತೆ ಊದಿದರೆ ಆಸ್ಪತ್ರೆಗೇ ಹೋಗಿ. ಧ್ವನಿ ಬದಲಾದರೆ, ಜೊಲ್ಲು ನುಂಗಲು ಆಗದಿದ್ದರೆ, ಉಸಿರಿಗೆ ಸದ್ದು ಬಂದರೆ ಆ ಕ್ಷಣವೇ 108. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಮಜ್ಜಿಗೆ ಗಿಜ್ಜಿಗೆ ಏನೂ ಕುಡಿಸಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ.

ರಾಯಚೂರು ಮಾಮ:
ನಮ್ಮ ಮನೆಯಲ್ಲಿ ಆಗಿದ್ದು ಬೇರೆ ತರಹ. ಅಕ್ಕನ ಮಗಳಿಗೆ ಶೇಂಗಾ ಆಗಿಬರಲ್ಲ. ಒಂದು ಮದುವೆಯಲ್ಲಿ ಬದನೆಕಾಯಿ ಎಣ್ಣಗಾಯಿ ತಿಂದಳು, ಊಟದ ಎಲೆ ಎತ್ತುವಷ್ಟರಲ್ಲಿ ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ವಾಂತಿ. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಿಯಾಯಿತು. ಆಗಲೂ ಒಬ್ಬರು ಮಾತ್ರೆ ಕೊಟ್ಟು ನೋಡೋಣ ಅಂದಿದ್ದರು. ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆ ಯಾವುದಿದೆ ಹೇಳಿ, ಚಟ್ನಿಪುಡಿ, ಹೋಳಿಗೆ, ಪಲ್ಯ ಎಲ್ಲದರಲ್ಲೂ ಅದೇ. ಈಗ ಎಲ್ಲಿಗೆ ಹೋದರೂ ಅಕ್ಕ ಮೊದಲು ಅಡುಗೆಯವರನ್ನ ಕೇಳಿಯೇ ಊಟಕ್ಕೆ ಕೂರಿಸುತ್ತಾಳೆ.

ಕೊಪ್ಪಳದಿಂದ:
ನನಗೆ ತಿಂಗಳುಗಟ್ಟಲೆ ನಾಲಿಗೆ ಕೆಂಪಗೆ, ನುಣ್ಣಗೆ ಆಗಿ ಉರಿಯುತ್ತಿತ್ತು, ಸ್ವಲ್ಪ ಊತವೂ ಇತ್ತು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಅಂತ ಗೊತ್ತಾಯಿತು. ಥೈರಾಯ್ಡ್ ಕಡಿಮೆ ಇದ್ದರೂ ನಾಲಿಗೆ ದಪ್ಪ ಆಗುತ್ತದಂತೆ. ಆದರೆ ಇವೆಲ್ಲ ನಿಧಾನಕ್ಕೆ ಆಗೋವು, ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಅಲ್ಲ.

ಸಿಂಧನೂರು ಹುಡುಗ:
ಅಕ್ಕಾ, ಹಾಳೆ ಮೇಲೆ ಎನಲಾಪ್ರಿಲ್ 5 ಅಂತಲೇ ಇದೆ! ಕೆಮ್ಮೂ ಇದೆ. ಅಪ್ಪ ರೈಸ್ ಮಿಲ್‌ನಲ್ಲಿ ಕೆಲಸ ಮಾಡೋದು, ಹೊಟ್ಟಿನ ಧೂಳು ಅಂತ ಇಷ್ಟು ದಿನ ಸುಮ್ನಿದ್ದೆವು.

ಗಂಗಾವತಿ ನರ್ಸಕ್ಕ:
ಎನಲಾಪ್ರಿಲ್ ಇನ್ನು ಒಂದೂ ನುಂಗಿಸಬೇಡಿ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ ಬೇರೆ ಬರೆಸಿಕೊಳ್ಳಿ, ಬಿಪಿಯನ್ನ ಹಾಗೇ ಬಿಡೋದೂ ಸರಿಯಲ್ಲ. ನಿಲ್ಲಿಸಿದ ಮೇಲೂ ಕೆಲವು ವಾರ ಊತ ಬರಬಹುದು, ಎಚ್ಚರ.

ಸಿಂಧನೂರು ಹುಡುಗ:
ಹೋಗಿ ಬಂದೆವು. ಮಾತ್ರೆ ಬದಲಾಯಿಸಿ, ಚೀಟಿಯ ತುದಿಗೆ "ಪ್ರಿಲ್ ಕೊಡಬಾರದು" ಅಂತ ಕೆಂಪು ಪೆನ್ನಲ್ಲಿ ಬರೆದಿದ್ದಾರೆ. ಅದರ ಫೋಟೋ ಮನೆಯವರೆಲ್ಲರ ಫೋನಲ್ಲಿದೆ. ಉಳಿದ ಆರು ಮಾತ್ರೆಯನ್ನ ಅಮ್ಮ ಪಕ್ಕದ ಮನೆ ಕಾಕಾಗೆ ಕೊಡಲು ಹೊರಟಿದ್ದಳು, ಕಿತ್ತುಕೊಂಡೆ. ಮಿರ್ಚಿದು ತಪ್ಪಿಲ್ಲ ಅಂತ ಗೊತ್ತಾದ ತಕ್ಷಣ ಅಪ್ಪ ಬಸ್ ಸ್ಟ್ಯಾಂಡ್ ಕಡೆ ಹೋದರು.