ಗಟ್ಟಿಯೂ ಅಲ್ಲ, ದಪ್ಪವೂ ಅಲ್ಲ: ‘ಸಾಂದ್ರತೆ’ಗೆ ಮನೆಮಾತಿನ ಪದ ಇದೆಯಾ?

ನಮ್ಮ ಉಡುಪಿ ಮನೆಯ ಹಿತ್ತಲಿನಲ್ಲಿ ಹಳೆಯ ಕಡೆಯುವ ಕಲ್ಲೊಂದಿದೆ, ತುಳುವಿನಲ್ಲಿ ಕಡೆಪಿ ಕಲ್ಲ್. ಅದನ್ನು ಜಗಲಿಗೆ ತರಲು ಎಷ್ಟು ಜನ ಬೇಕಾದೀತು ಅಂತ ಮಾತು ಬಂತು. ಎಂಟನೇ ಕ್ಲಾಸಿನ ಅಕ್ಕನ ಮಗಳು ಟೇಪು ಹಿಡಿದಳು. ಉದ್ದ 45 ಸೆಂ.ಮೀ., ಅಗಲ ಅಷ್ಟೇ, ಎತ್ತರ 30. ಗುಣಿಸಿದರೆ 60 ಲೀಟರಿಗೆ ಸ್ವಲ್ಪ ಜಾಸ್ತಿ. ಗುಳಿಗೆ ನೀರು ಹೊಯ್ದು ನೋಡಿದೆವು, 5 ಲೀಟರ್ ಹಿಡಿಯಿತು. ಅದನ್ನು ಕಳೆದು, ಕರಿಕಲ್ಲು ನೀರಿನ 2.7 ಪಟ್ಟು ಭಾರ ಅಂತ ಹಿಡಿದರೆ ಹತ್ತಿರ ಹತ್ತಿರ 150 ಕಿಲೋ. ಅಡಿ ಉರುಟಾಗಿರುವುದರಿಂದ ಹತ್ತಿಪ್ಪತ್ತು ಕಿಲೋ ಕಡಿಮೆ ಇದ್ದೀತು.

ಲೆಕ್ಕ ಎಲ್ಲರಿಗೂ ಒಪ್ಪಿಗೆಯಾಯಿತು. ಒಂದೇ ಅಳತೆಯಲ್ಲಿ ಯಾವ ವಸ್ತು ಎಷ್ಟು ತೂಗುತ್ತದೆ ಎಂಬುದಕ್ಕೆ ಹುಡುಗಿ ಹೇಳಿದ ‘ಸಾಂದ್ರತೆ’ ಎಂಬ ಪಾಠದ ಪದ ಮಾತ್ರ ಯಾರಿಗೂ ಹತ್ತಲಿಲ್ಲ.

ಕಲ್ಲು ಎತ್ತಲು ಬಂದವರು “ಕೆಂಪುಕಲ್ಲಿಗಿಂತ ಇದು ಗಟ್ಟಿ ಅಲ್ವಾ, ಅದಕ್ಕೇ ಭಾರ” ಅಂದರು. ಆದರೆ ಬೀಸುಬಲೆಗೆ ಕಟ್ಟುವ ಸೀಸದ ಗುಂಡು ನೋಡಿ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುವಷ್ಟು ಮೆತ್ತಗೆ, ತೂಕ ಮಾತ್ರ ನೀರಿನ 11 ಪಟ್ಟಿಗೂ ಜಾಸ್ತಿ. ಹಾಗಾಗಿ ‘ಗಟ್ಟಿ’ ಆಗುವುದಿಲ್ಲ. ‘ದಪ್ಪ’ವೂ ಆಗುವುದಿಲ್ಲ. ತೆಂಗಿನೆಣ್ಣೆ ನೀರಿಗಿಂತ ದಪ್ಪ ಅಂತ ನಾವೇ ಹೇಳುತ್ತೇವೆ, ಆದರೂ ಅದು ನೀರಿನ ಮೇಲೆ ತೇಲುತ್ತದೆ, ಲೀಟರಿಗೆ 920 ಗ್ರಾಂ ಆಸುಪಾಸು ಅಷ್ಟೆ. ಅಲ್ಲಿ ದಪ್ಪ ಅಂದರೆ ನಿಧಾನ ಹರಿಯುವುದು, ಪಾಠದಲ್ಲಿ ಅದಕ್ಕೆ ‘ಸ್ನಿಗ್ಧತೆ’ ಅಂತ ಬೇರೆ ಪದವೇ ಇದೆ. ಸಂಸ್ಕೃತದ ‘ಸಾಂದ್ರ’ಕ್ಕೂ ದಪ್ಪ, ಮಂದ ಎಂಬ ಅರ್ಥಗಳಿವೆ, ಆದ್ದರಿಂದ ಗೊಂದಲ ಪಠ್ಯದ ಪದದಲ್ಲೇ ಇದೆ ಅಂತ ನನಗನಿಸುತ್ತದೆ.

‘ದಟ್ಟಣೆ’ ಆದೀತಾ? ಕೇಳಲಿಕ್ಕೆ ಚೆನ್ನಾಗಿದೆ, ಒತ್ತೊತ್ತಾಗಿ ನೆಟ್ಟ ನೇಜಿ (ಭತ್ತದ ಸಸಿ) ಕಣ್ಣಿಗೆ ಬರುತ್ತದೆ. ಆದರೆ ಪೇಪರಿನವರು ಅದನ್ನು ವಾಹನಗಳಿಗೆ ಕೊಟ್ಟುಬಿಟ್ಟಿದ್ದಾರೆ.

ಕೊನೆಗೆ ಅಮ್ಮನಿಗೆ ಹೀಗೆ ಹೇಳಿದೆ: ಒಂದು ಸೇರು ಅಕ್ಕಿ, ಅದೇ ಸೇರಿನಲ್ಲಿ ಅವಲಕ್ಕಿ, ಎರಡನ್ನೂ ತಕ್ಕಡಿಗೆ ಹಾಕಿದರೆ? ಅಮ್ಮ ಕೂಡಲೇ “ಅವಲಕ್ಕಿ ತೂಕ ಬರುವುದಿಲ್ಲ” ಅಂದರು. ನನಗೆ ಬೇಕಾದ್ದು ಇದೇ! ಅಂಗಡಿಯಲ್ಲಿ, ಗದ್ದೆಯಲ್ಲಿ ಎಲ್ಲರೂ ಆಡುವ ಮಾತು. ಅಳತೆ ಒಂದೇ ಇದ್ದರೂ ಒಂದು ತೂಕ ಬರುತ್ತದೆ, ಇನ್ನೊಂದು ಬರುವುದಿಲ್ಲ.

ಈ ‘ತೂಕ ಬರುವ’ ಗುಣಕ್ಕೆ ನಿಮ್ಮ ಕಡೆ ಒಂದೇ ಪದದ ಹೆಸರು ಇದೆಯಾ? ಕುಂದಾಪುರದ ಕಡೆಯವರು, ಅಕ್ಕಿ ವ್ಯಾಪಾರ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.