ಬೆನ್ನುಹುರಿಗೆ ಪೆಟ್ಟಾದವರು ಮನೆಯಿಂದ ಹೊರಗೇ ಬರದಿದ್ದರೆ?

ಬನಶಂಕರಿ_ಓದುಗ: ವೀಲ್‌ಚೇರ್ ಹಿಡಿದ ಮೇಲೆ ಕೆಲವರು ಹೊಸ್ತಿಲು ದಾಟಲ್ಲ, ನೆಂಟರು ಬಂದರೂ ಕೋಣೆಯಲ್ಲೇ ಇರ್ತಾರೆ. ಧೈರ್ಯ ಹೇಳಿದರೆ ಸಾಕಾ? ಮನೆಯವರು ಎಲ್ಲಿಂದ ಶುರು ಮಾಡಬೇಕು?

ಫಿಸಿಯೋ_ಜಯನಗರ: ಮೊದಲು ಮಲಮೂತ್ರದ ವಿಷಯ ಕೇಳಿ ಸಾರ್. ಎಷ್ಟೋ ಸಲ ನಿಜವಾದ ಕಾರಣ ನಾಲ್ಕು ಜನರ ಮುಂದೆ ಸೋರಿಬಿಟ್ಟರೆ ಅನ್ನೋ ಭಯ. ನಾಚಿಕೆಯಿಂದ ಬಾಯಿ ಬಿಡಲ್ಲ. ವೈದ್ಯರು ಕಲಿಸಿದಂತೆ 4–6 ಗಂಟೆಗೊಮ್ಮೆ ಕ್ಯಾತಿಟರ್ (ಮೂತ್ರ ತೆಗೆಯುವ ಸಣ್ಣ ಕೊಳವೆ) ಹಾಕಬೇಕು, ಶೌಚಕ್ಕೆ ದಿನಾ ಒಂದೇ ಹೊತ್ತು. ಇದು ರೂಢಿಯಾದರೆ ಅಂಜಿಕೆ ತುಂಬಾ ಇಳಿಯುತ್ತೆ. ಹೆದರಿ ನೀರು ಕುಡಿಯೋದನ್ನೇ ಬಿಟ್ಟರೆ ಮೂತ್ರದ ಸೋಂಕು ಬರಬಹುದು. ಹೊರಡುವ ಮುಂಚೆ ಮೂತ್ರ ತೆಗೆದು, ಮೊದಲ ಸಲ ಬೀದಿ ತುದಿಯವರೆಗೆ ಹೋದರೆ ಸಾಕು.

ಆರೈಕೆ_ಬೆಂಗಳೂರು: ಹೌದು. ಜೊತೆಗೆ, ಎಲ್ಲವನ್ನೂ ನೀವೇ ಮಾಡಬೇಡಿ. ಕೈಯಲ್ಲಿ ಶಕ್ತಿಯಿದ್ದರೆ ಎಷ್ಟು ಹೊತ್ತಾದರೂ ಅಂಗಿ ಅವರೇ ಹಾಕಿಕೊಳ್ಳಲಿ. ಮನೆ ಖರ್ಚಿನ ತೀರ್ಮಾನಕ್ಕೂ ಅವರನ್ನು ಕೇಳಿ. ಮೆಟ್ಟಿಲ ಬದಲು ವೀಲ್‌ಚೇರ್‌ಗೆ ಹಾಕಿಸುವ ಇಳಿಜಾರು (ರ‍್ಯಾಂಪ್) 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಲಿ. ಕಡಿದಾದರೆ ಯಾರಾದರೂ ತಳ್ಳಲೇಬೇಕು, ಮತ್ತೆ ಪರಾಧೀನ.

ಸಮಾಜಕಾರ್ಯ_ಕೆಂಗೇರಿ: ಎರಡು ವಾರದಿಂದ ಬೇಸರ, ನಿದ್ದೆಗೇಡು ಇದ್ದರೆ ಖಿನ್ನತೆ ಇರಬಹುದು, ನಿಮ್ಹಾನ್ಸ್‌ಗೆ ತೋರಿಸಿ. ಸಾಯುವ ಮಾತು ಬಂದರೆ ಕಾಯಬೇಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಸರ್ಕಾರಿ ನೌಕರರಾದರೆ ರಾಜೀನಾಮೆ ಬೇಡವೇ ಬೇಡ. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆಯಬಾರದು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತೆ.